ಗ್ರಂಥಋಣ ತೀರಿಸುವ ಬಗೆ



ಯಾವುದೇ ಸಂಶೋಧನ ಗ್ರಂಥವನ್ನು ಕೈಗೆತ್ತಿಕೊಂಡರೂ ಅದರ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಒಂದು ಪಟ್ಟಿ ಇರುತ್ತದೆ. ಕನ್ನಡದಲ್ಲಿ ಅದಕ್ಕೆ ಹಲವು ಹೆಸರುಗಳಿವೆ. ಕೆಲವರು ಆಕರಸೂಚಿ ಎನ್ನುತ್ತಾರೆ, ಕೆಲವರು ಪರಾಮರ್ಶನ ಗ್ರಂಥಗಳು ಎನ್ನುತ್ತಾರೆ. ನಮ್ಮ ಹಿರಿಯ ವಿದ್ವಾಂಸರು ಬಳಸಿದ ಇನ್ನೊಂದು ಮಾತು ‘ಗ್ರಂಥಋಣ’. ಎಂಥ ಅರ್ಥವತ್ತಾದ ಮಾತು ನೋಡಿ! ನಾನು ಬರೆದದ್ದರಲ್ಲಿ ಇಷ್ಟು ಭಾಗ ಇಂಥವರಿಂದ ಪಡೆದದ್ದು ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದೇ ಗ್ರಂಥಋಣ. ದೂರದರ್ಶನದ ಕಾರ್ಯಕ್ರಮ ಮುಗಿದ ಮೇಲೆ ಛಾಯಾಗ್ರಹಣ, ಸಂಕಲನ, ಧ್ವನಿಮುದ್ರಣ ಎಂದು ಹೆಸರುಗಳು ತೆರೆಯ ಮೇಲೆ ಸರಿದುಹೋಗುತ್ತವಲ್ಲ, ಇದೂ ಆ ಜಾತಿಯದೇ.

ಆದರೆ ಋಣ ತೀರಿಸುವುದು ಈ ಪಟ್ಟಿಯ ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ಓದುಗನಿಗೆ ಸಂಬಂಧಿಸಿದ್ದು. ನೀವು ಹೇಳಿದ ಮಾತು ನಿಜವೋ ಸುಳ್ಳೋ ಎಂದು ಓದುಗ ತಾನೇ ಹೋಗಿ ನೋಡಿಕೊಳ್ಳಬೇಕು. ಅದಕ್ಕೆ ಬೇಕಾದ ವಿಳಾಸವನ್ನು ನೀವು ಕೊಡಬೇಕು. ಊರು, ಬೀದಿ, ಮನೆ ನಂಬರು ಇಲ್ಲದ ಕಾಗದವನ್ನು ಅಂಚೆಯವರು ಮುಟ್ಟಿಸಲಾರರು. ಹಾಗೆಯೇ ಲೇಖಕ, ವರ್ಷ, ಪುಟ ಇಲ್ಲದ ಉಲ್ಲೇಖ ಓದುಗನನ್ನು ಎಲ್ಲಿಗೂ ಮುಟ್ಟಿಸದು. ಸಂಶೋಧನ ಪತ್ರಿಕೆಗೆ ಕಳುಹಿಸುವ ಲೇಖನದಲ್ಲಿ ಈ ವಿಳಾಸವನ್ನು ಬರೆಯುವುದು ಹೇಗೆ ಎಂಬುದೇ ಇಂದಿನ ಮಾತು. ಉದಾಹರಣೆಗಳನ್ನು ಹೆಚ್ಚಾಗಿ ರಾಯಚೂರು, ದೇವದುರ್ಗ, ಮಾನ್ವಿಯ ಕಡೆಯಿಂದಲೇ ಆರಿಸಿಕೊಂಡಿದ್ದೇನೆ.

ರಾಯಚೂರು ನಗರದ ಕೋಟೆಯ ಮೇಲೆ ಒಂದು ಲೇಖನ ಬರೆಯುತ್ತೀರಿ ಎಂದುಕೊಳ್ಳಿ. ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಈ ಕೋಟೆಗಾಗಿ ನಡೆದ ಯುದ್ಧದ ಪ್ರಸ್ತಾಪ ಬಂದೇ ಬರುತ್ತದೆ. ಅದು ಯಾವ ವರ್ಷ? ಹೆಚ್ಚಿನ ಪುಸ್ತಕಗಳಲ್ಲಿ 1520 ಎಂದಿದೆ. ಆದರೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ 1530ರ ದಶಕದಲ್ಲಿ ಬರೆದ ವೃತ್ತಾಂತದಲ್ಲಿ 1522 ಎಂದಿದೆ. ನೂನಿಜ್ ವಿಜಯನಗರದಲ್ಲಿದ್ದವನು, ಘಟನೆಗೆ ಹತ್ತಿರದ ಕಾಲದವನು. ಹಾಗಾದರೆ ಅವನ ಮಾತನ್ನು ಬಿಟ್ಟು 1520 ಎನ್ನುವುದು ಯಾವ ಆಧಾರದ ಮೇಲೆ?

ಆ ಆಧಾರವನ್ನು ಒದಗಿಸಿದವರು ರಾಬರ್ಟ್ ಸಿವೆಲ್. ನೂನಿಜನ ವೃತ್ತಾಂತದ ಪೋರ್ಚುಗೀಸ್ ಮೂಲವನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದರು. ಸಿವೆಲ್ ಅದನ್ನು ಇಂಗ್ಲಿಷಿಗೆ ಅನುವಾದಿಸಿ, 1900ರಲ್ಲಿ ಲಂಡನ್ನಿನಿಂದ ಹೊರಬಂದ ತಮ್ಮ ‘ಎ ಫರ್ಗಾಟನ್ ಎಂಪೈರ್’ ಗ್ರಂಥದಲ್ಲಿ ಸೇರಿಸಿದರು. ಸಿವೆಲ್ ಪಂಚಾಂಗದ ಲೆಕ್ಕ ಬಲ್ಲವರು. ಎಸ್.ಬಿ. ದೀಕ್ಷಿತರೊಡನೆ ಸೇರಿ 1896ರಲ್ಲಿ ಭಾರತೀಯ ಪಂಚಾಂಗದ ಬಗ್ಗೆ ಒಂದು ಗ್ರಂಥವನ್ನೇ ಬರೆದವರು. ನೂನಿಜ್ ಕೊಟ್ಟ ವಾರ, ತಿಥಿಗಳನ್ನು ಅವರು ಲೆಕ್ಕ ಹಾಕಿ ನೋಡಿದರು. ಇತರ ಬರಹಗಾರರ ಹೇಳಿಕೆಗಳ ಜೊತೆ ತಾಳೆ ನೋಡಿದರು. ಕೊನೆಗೆ 1520ರ ಮೇ 19 ಎಂಬ ನಿರ್ಣಯಕ್ಕೆ ಬಂದರು. ತಮ್ಮ ವಾದದ ಒಂದೊಂದು ಹೆಜ್ಜೆಯನ್ನೂ ಪುಸ್ತಕದಲ್ಲಿ ಕಾಣಿಸಿದರು.

ಈಗ ಎರಡು ಲೇಖನಗಳನ್ನು ಹೋಲಿಸಿ. ಒಂದರಲ್ಲಿ ‘ರಾಯಚೂರು ಯುದ್ಧ 1520ರಲ್ಲಿ ನಡೆಯಿತು’ ಎಂದಷ್ಟೇ ಇದೆ. ಇನ್ನೊಂದರಲ್ಲಿ ‘ನೂನಿಜ್ 1522 ಎನ್ನುತ್ತಾನೆ, ಸಿವೆಲ್ (1900) ಇದನ್ನು ಪರಿಶೀಲಿಸಿ 1520 ಎಂದು ವಾದಿಸಿದ್ದಾರೆ’ ಎಂದಿದೆ. ಮೊದಲನೆಯದನ್ನು ಓದಿದವನು ನಂಬಬೇಕು, ಇಲ್ಲವೆ ಬಿಡಬೇಕು. ಎರಡನೆಯದನ್ನು ಓದಿದವನು ಸಿವೆಲ್ ಪುಸ್ತಕವನ್ನು ತೆರೆದು ಆ ಲೆಕ್ಕ ಸರಿಯೇ ಎಂದು ನೋಡಬಲ್ಲ. ತಪ್ಪಿದ್ದರೆ ತಿದ್ದಲೂ ಬಲ್ಲ. ಜ್ಞಾನ ಬೆಳೆಯುವುದು ಈ ಎರಡನೆಯ ರೀತಿಯಲ್ಲಿ.

ಇದು ಪಶ್ಚಿಮದಿಂದ ಬಂದ ಪದ್ಧತಿ, ನಮ್ಮದಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ‘ಕವಿರಾಜಮಾರ್ಗ’ವೇ ತನಗಿಂತ ಹಿಂದಿನ ಗದ್ಯ, ಪದ್ಯ ಲೇಖಕರನ್ನು ಹೆಸರಿಸಿ ನೆನೆಯುತ್ತದೆ. ಇನ್ನು ರಾಯಚೂರು ಸೀಮೆ ಹರಿದಾಸರ ನೆಲೆ. ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಇವರೆಲ್ಲರ ರಚನೆಗಳ ಕೊನೆಯಲ್ಲಿ ಅಂಕಿತ ಇರುತ್ತದೆ. ವಿಜಯವಿಠಲ ಎಂದರೆ ಒಬ್ಬರು, ಗೋಪಾಲವಿಠಲ ಎಂದರೆ ಇನ್ನೊಬ್ಬರು, ಜಗನ್ನಾಥವಿಠಲ ಎಂದರೆ ಮತ್ತೊಬ್ಬರು. ಬಾಯಿಂದ ಬಾಯಿಗೆ ಹಾಡಾಗಿ ಸಾಗಿ ಬಂದ ಪದ ಯಾರದೆಂದು ಹೇಳಲು ಆ ಅಂಕಿತವೇ ಸಾಕ್ಷಿ. ಅಂಕಿತ ಗುರುವಿನಿಂದ ದೊರೆಯಬೇಕು ಎಂಬ ಸಂಪ್ರದಾಯವೂ ಇದೆ. ಹಾಗಾಗಿ ಅದು ಕರ್ತೃವಿನ ಹೆಸರಿನ ಜೊತೆಗೆ ಪರಂಪರೆಯ ಗುರುತೂ ಹೌದು.

ಇದೇ ಪರಂಪರೆಯಿಂದ ಇನ್ನೊಂದು ಉಪಯುಕ್ತ ಪಾಠವಿದೆ. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ, ಸಂಧಿಗಳಾಗಿ ವಿಂಗಡಣೆಯಾಗಿದೆ. ಇದಕ್ಕೆ ಹಲವಾರು ಮುದ್ರಣಗಳಿವೆ. ಒಂದು ಮುದ್ರಣದ 45ನೆಯ ಪುಟ ಇನ್ನೊಂದರಲ್ಲಿ 60ನೆಯದಾಗಬಹುದು. ಆದ್ದರಿಂದ ಬಲ್ಲವರು ಪುಟವನ್ನು ಮಾತ್ರ ಹೇಳದೆ ಸಂಧಿಯ ಹೆಸರು, ಪದ್ಯದ ಸಂಖ್ಯೆ ಹೇಳುತ್ತಾರೆ. ಯಾವ ಮುದ್ರಣ ಕೈಯಲ್ಲಿದ್ದರೂ ಓದುಗ ಆ ಪದ್ಯಕ್ಕೆ ಬಂದು ಮುಟ್ಟುತ್ತಾನೆ. ಪ್ರಾಚೀನ ಕಾವ್ಯಗಳಿಗೆಲ್ಲ ಇದೇ ಕ್ರಮ: ಆಶ್ವಾಸ ಅಥವಾ ಸಂಧಿ, ಆಮೇಲೆ ಪದ್ಯ ಸಂಖ್ಯೆ. ಯಾವ ಸಂಪಾದಕರ ಆವೃತ್ತಿಯನ್ನು ನೋಡಿದಿರಿ ಎಂಬುದನ್ನು ಪಟ್ಟಿಯಲ್ಲಿ ಕೊಡಿ, ಏಕೆಂದರೆ ಪಾಠಾಂತರಗಳಿರುತ್ತವೆ.

ಈಗ ನೇರವಾಗಿ ವಿಧಾನಕ್ಕೆ ಬರೋಣ. ಪ್ರತಿಯೊಂದು ಉಲ್ಲೇಖಕ್ಕೂ ಎರಡು ಭಾಗಗಳಿವೆ. ಒಂದು, ಬರಹದ ನಡುವೆ, ಮಾತು ಬಂದ ಜಾಗದಲ್ಲೇ ಕೊಡುವ ಚಿಕ್ಕ ಸೂಚನೆ. ಇನ್ನೊಂದು, ಲೇಖನದ ಕೊನೆಯಲ್ಲಿ ಕೊಡುವ ಪೂರ್ಣ ವಿವರ. ಮೊದಲನೆಯದು ಎರಡನೆಯದಕ್ಕೆ ಕೈ ತೋರಿಸಬೇಕು. ನಡುವೆ ಬಂದ ಹೆಸರು ಕೊನೆಯ ಪಟ್ಟಿಯಲ್ಲಿ ಇರಲೇಬೇಕು. ಪಟ್ಟಿಯಲ್ಲಿದ್ದದ್ದು ಬರಹದ ನಡುವೆ ಎಲ್ಲಿಯಾದರೂ ಬಂದಿರಲೇಬೇಕು. ಓದದ ಪುಸ್ತಕಗಳ ಹೆಸರುಗಳನ್ನು ತೂಕಕ್ಕಾಗಿ ಸೇರಿಸುವುದು ಸಲ್ಲದು.

ಪೂರ್ಣ ವಿವರ ಐದು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಯಾರು ಬರೆದರು? ಯಾವ ವರ್ಷ? ಶೀರ್ಷಿಕೆ ಏನು? ಎಲ್ಲಿ ಪ್ರಕಟವಾಯಿತು? ಯಾವ ಪುಟ? ಪುಸ್ತಕವಾದರೆ ‘ಎಲ್ಲಿ’ ಎಂದರೆ ಪ್ರಕಾಶಕರು, ಕೆಲವು ಕ್ರಮಗಳಲ್ಲಿ ಊರು ಕೂಡ. ಪತ್ರಿಕೆಯ ಲೇಖನವಾದರೆ ‘ಎಲ್ಲಿ’ ಎಂದರೆ ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ. ಈ ಐದು ಉತ್ತರಗಳು ಕೈಯಲ್ಲಿದ್ದರೆ ಯಾವ ಶೈಲಿಯನ್ನು ಕೇಳಿದರೂ ಬರೆದುಕೊಡಬಹುದು. ಒಂದು ಕಳೆದುಹೋದರೂ ಮತ್ತೆ ಗ್ರಂಥಾಲಯಕ್ಕೆ ಹೋಗಬೇಕಾಗುತ್ತದೆ.

ನಾನು ವಿಜ್ಞಾನ ಓದಿದವನಾದ್ದರಿಂದ ವಿಜ್ಞಾನದ್ದೇ ಒಂದು ಉದಾಹರಣೆ ಕೊಡುತ್ತೇನೆ. ರಾಮನ್ ಪರಿಣಾಮದ ಬಗ್ಗೆ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪತ್ರ ನಿಮಗೆ ಗೊತ್ತು. ಲೇಖಕ–ವರ್ಷ ಕ್ರಮದಲ್ಲಿ ಬರಹದ ನಡುವೆ (ರಾಮನ್ ಮತ್ತು ಕೃಷ್ಣನ್, 1928) ಎಂದು ಬರುತ್ತದೆ. ಕೊನೆಯಲ್ಲಿ ಹೀಗೆ:

ರಾಮನ್, ಸಿ.ವಿ., ಮತ್ತು ಕೃಷ್ಣನ್, ಕೆ.ಎಸ್. (1928). ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್. ನೇಚರ್, 121(3048), 501–502.

ಸಂಖ್ಯಾಕ್ರಮದಲ್ಲಾದರೆ ಬರಹದ ನಡುವೆ 1 ಎಂಬ ಅಂಕಿ ಮಾತ್ರ ಇರುತ್ತದೆ. ಕೊನೆಯಲ್ಲಿ ಹೀಗೆ:

1. ರಾಮನ್ ಸಿವಿ, ಕೃಷ್ಣನ್ ಕೆಎಸ್. ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್. ನೇಚರ್. 1928;121:501–502.

ಕೇಳಲು ಅನುಕೂಲವಾಗಲೆಂದು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಿಮ್ಮ ಲೇಖನದಲ್ಲಿ ಇಂಗ್ಲಿಷ್ ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲೇ ಇಡಬೇಕೆ, ಕನ್ನಡಕ್ಕೆ ತರಬೇಕೆ ಎಂಬುದನ್ನು ಪತ್ರಿಕೆಯ ಸೂಚನೆ ಹೇಳುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಎರಡರಲ್ಲೂ ಸಾಮಗ್ರಿ ಹೆಚ್ಚು ಕಡಿಮೆ ಒಂದೇ. ಉಡುಪು ಮಾತ್ರ ಬೇರೆ. ಮೊದಲ ಕ್ರಮದಲ್ಲಿ ಪಟ್ಟಿ ಅಕಾರಾದಿಯಾಗಿರುತ್ತದೆ. ಎರಡನೆಯದರಲ್ಲಿ ಬರಹದಲ್ಲಿ ಮೊದಲು ಬಂದದ್ದು 1, ಆಮೇಲೆ ಬಂದದ್ದು 2. ನಡುವೆ ಒಂದು ವಾಕ್ಯವನ್ನು ಸೇರಿಸಿದರೆ ಮುಂದಿನ ಅಂಕಿಗಳೆಲ್ಲ ಬದಲಾಗುತ್ತವೆ ಎಂಬುದನ್ನು ಮರೆಯಬೇಡಿ.

ಇಷ್ಟೊಂದು ಶೈಲಿಗಳು ಏಕೆ ಎಂದು ಕೇಳುತ್ತೀರಿ. ಒಂದೊಂದು ಶಾಸ್ತ್ರದ ಅಗತ್ಯ ಒಂದೊಂದು ಬಗೆ. ಲೇಖಕ–ವರ್ಷ ಕ್ರಮವನ್ನು ಮೊದಲು ಬಳಸಿದ್ದು ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಎನ್ನುತ್ತಾರೆ. ಆದ್ದರಿಂದಲೇ ಅದಕ್ಕೆ ಹಾರ್ವರ್ಡ್ ಪದ್ಧತಿ ಎಂಬ ಹೆಸರು. ಯಾವ ಸಂಶೋಧನೆ ಹಳೆಯದು, ಯಾವುದು ಹೊಸದು ಎಂದು ಓದುತ್ತಲೇ ತಿಳಿಯುವುದು ಅದರ ಅನುಕೂಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿ ಒಪ್ಪಿಕೊಂಡ ಸಂಖ್ಯಾಕ್ರಮಕ್ಕೆ ಆ ಊರಿನ ಹೆಸರೇ ನಿಂತಿತು. 1932ರಿಂದ ಬೆಂಗಳೂರಿನಿಂದ ಹೊರಬರುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯೂ ಸಂಖ್ಯಾಕ್ರಮದ್ದೇ. ಇತಿಹಾಸ, ಸಾಹಿತ್ಯದವರು ಅಡಿಟಿಪ್ಪಣಿಯನ್ನು ಇಷ್ಟಪಡುತ್ತಾರೆ, ಏಕೆಂದರೆ ಆಕರದ ಬಗ್ಗೆ ಎರಡು ಮಾತು ಹೇಳಲು ಅಲ್ಲಿ ಜಾಗವಿದೆ. ಯಾವುದು ಶ್ರೇಷ್ಠ ಎಂಬ ಚರ್ಚೆ ಬೇಡ. ನೀವು ಕಳುಹಿಸಲಿರುವ ಪತ್ರಿಕೆಯ ‘ಲೇಖಕರಿಗೆ ಸೂಚನೆಗಳು’ ಎಂಬ ಪುಟವನ್ನು ಮೊದಲು ಓದಿ. ಅದರ ಇತ್ತೀಚಿನ ಸಂಚಿಕೆಯಿಂದ ಎರಡು ಲೇಖನಗಳನ್ನು ಎದುರಿಗಿಟ್ಟುಕೊಂಡು ಅಲ್ಪವಿರಾಮ, ಆವರಣ, ಚುಕ್ಕಿ ಎಲ್ಲಿ ಬಂದಿವೆ ಎಂದು ನೋಡಿ. ಒಮ್ಮೆ ಹಿಡಿದ ಕ್ರಮವನ್ನು ಕೊನೆಯವರೆಗೂ ಬಿಡಬೇಡಿ.

ಕನ್ನಡದಲ್ಲಿ ಬರೆಯುವವರಿಗೆ ಇಂಗ್ಲಿಷ್ ಕೈಪಿಡಿಗಳು ಹೇಳದ ಕೆಲವು ತೊಡಕುಗಳಿವೆ. ಮೊದಲನೆಯದು ಹೆಸರು. ಇಂಗ್ಲಿಷ್ ಪದ್ಧತಿ ಕುಲನಾಮವನ್ನು ಮುಂದಿಡು ಎನ್ನುತ್ತದೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ರೂಢಿಯಲ್ಲಿದೆ. ಎಂ.ಎಂ. ಕಲಬುರ್ಗಿ ಅವರನ್ನು ‘ಕಲಬುರ್ಗಿ, ಎಂ.ಎಂ.’ ಎಂದು ಬರೆಯುವುದು ಸುಲಭ. ಹಳೆಯ ಮೈಸೂರಿನ ಕಡೆ ಹಲವರಿಗೆ ಅಡ್ಡಹೆಸರಿಲ್ಲ, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿವೆ. ಕೆ.ವಿ. ಪುಟ್ಟಪ್ಪ ಎಂಬಲ್ಲಿ ಪುಟ್ಟಪ್ಪ ಎಂಬುದೇ ಅವರ ಸ್ವಂತ ಹೆಸರು. ಅಲ್ಲಿ ‘ಪುಟ್ಟಪ್ಪ, ಕೆ.ವಿ.’ ಎಂದರೆ ಸರಿ. ಆದರೆ ಪುಸ್ತಕದ ಮೇಲೆ ಕುವೆಂಪು ಎಂದಿದ್ದರೆ ‘ಕುವೆಂಪು’ ಎಂದೇ ಕೊಡಬೇಕು. ನಮ್ಮ ರಾಯಚೂರಿನ ಹಿರಿಯ ಸಾಹಿತಿ ಶಾಂತರಸರ ಹೆಸರಿಗೂ ಇದೇ ನಿಯಮ. ಮುಖಪುಟದ ಒಳಗಿನ ಶೀರ್ಷಿಕೆ ಪುಟದಲ್ಲಿ ಏನಿದೆಯೋ ಅದೇ ಪ್ರಮಾಣ. ಡಾ., ಪ್ರೊ., ಶ್ರೀ ಮುಂತಾದ ಗೌರವ ಪದಗಳನ್ನು ಪಟ್ಟಿಯಲ್ಲಿ ಹಾಕುವುದಿಲ್ಲ. ಅದು ಅಗೌರವವಲ್ಲ, ಕ್ರಮ.

ಎರಡನೆಯದು ಸಂಕ್ಷೇಪಾಕ್ಷರ. ‘ಸಂ.’ ಎಂದರೆ ಸಂಪಾದಕರೋ ಸಂಪುಟವೋ ಸಂಚಿಕೆಯೋ? ಮೂರಕ್ಕೂ ಅದೇ ಅಕ್ಷರ ಬಳಸಿದ ಪಟ್ಟಿಗಳನ್ನು ನೋಡಿದ್ದೇನೆ. ‘ಸಂಪಾ.’, ‘ಸಂಪು.’, ‘ಸಂಚಿ.’ ಎಂದು ಬೇರೆ ಮಾಡಿದರೆ ಗೊಂದಲವಿಲ್ಲ. ಅಡಿಟಿಪ್ಪಣಿಯಲ್ಲಿ ಹಿಂದಿನ ಆಕರವೇ ಮತ್ತೆ ಬಂದರೆ ‘ಅದೇ, ಪು. 45’ ಎಂದು ಬರೆಯುವ ರೂಢಿಯಿದೆ. ನಡುವೆ ಬೇರೊಂದು ಟಿಪ್ಪಣಿ ನುಗ್ಗಿತೋ, ‘ಅದೇ’ ಎಂಬುದು ಇನ್ಯಾವುದೋ ಪುಸ್ತಕವಾಗಿಬಿಡುತ್ತದೆ. ಆದ್ದರಿಂದ ‘ಅದೇ’ ಎಂಬುದನ್ನು ಕೊನೆಯ ಪ್ರತಿಯಲ್ಲಿ ಮಾತ್ರ ಹಾಕಿ.

ಮೂರನೆಯದು ವರ್ಷ ಮತ್ತು ಊರು. ರಾಯಚೂರು ಜಿಲ್ಲೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, ರಾಜ್ಯಗಳ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ಕಾಲದ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ. ಫಸಲಿಗೆ 590 ಕೂಡಿದರೆ ಆ ವರ್ಷ ಆರಂಭವಾದ ಕ್ರಿಸ್ತಶಕ ಸಿಗುತ್ತದೆ. ಫಸಲಿ 1357 ಎಂದರೆ 1947–48. ಶಾಸನಗಳ ಶಕವರ್ಷಕ್ಕೆ ಸಾಮಾನ್ಯವಾಗಿ 78 ಕೂಡಿಸಬೇಕು. ಮೂಲದಲ್ಲಿದ್ದ ವರ್ಷವನ್ನು ಮೊದಲು ಬರೆದು, ನೀವು ಲೆಕ್ಕ ಹಾಕಿದ ವರ್ಷವನ್ನು ಚೌಕಾವರಣದಲ್ಲಿ ಕೊಡಿ. ಆಗ ಲೆಕ್ಕ ತಪ್ಪಿದರೂ ಮೂಲ ಉಳಿಯುತ್ತದೆ. ಊರಿನ ಹೆಸರಿಗೂ ಇದೇ ಮಾತು. 1980ರ ಪುಸ್ತಕದಲ್ಲಿ ‘ಗುಲ್ಬರ್ಗ’ ಎಂದಿದ್ದರೆ ಅದನ್ನು ‘ಕಲಬುರಗಿ’ ಎಂದು ತಿದ್ದಬೇಡಿ. ಗ್ರಂಥಾಲಯದ ಸೂಚಿಯಲ್ಲಿ ಹುಡುಕುವವನಿಗೆ ಬೇಕಾದದ್ದು ಅಚ್ಚಾದ ಹೆಸರು.

ನಾಲ್ಕನೆಯದು ಶಾಸನ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿವೆ. ‘ಗಬ್ಬೂರಿನ ಶಾಸನದ ಪ್ರಕಾರ’ ಎಂದು ಬರೆದರೆ ಯಾವ ಶಾಸನ? ಪ್ರಕಟವಾದ ಸಂಪುಟದ ಹೆಸರು, ಶಾಸನ ಸಂಖ್ಯೆ, ಸಾಲಿನ ಸಂಖ್ಯೆ ಮೂರನ್ನೂ ಕೊಡಬೇಕು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಹಳೆಯ ಮೈಸೂರು ಮತ್ತು ಕೊಡಗಿನ ಶಾಸನಗಳದ್ದು. ರಾಯಚೂರಿನವರು ಅಲ್ಲಿ ಹುಡುಕಿ ಬರಿಗೈಯಲ್ಲಿ ಮರಳುತ್ತಾರೆ. ಹೈದರಾಬಾದ್ ಪುರಾತತ್ವ ಮಾಲೆಯ ಸಂಪುಟಗಳನ್ನೂ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಹೊರತಂದ ಶಾಸನ ಸಂಪುಟಗಳನ್ನೂ ನೋಡಬೇಕು. ನಿಮ್ಮ ಊರಿನ ಹೊಲದ ಬದುವಿನಲ್ಲಿ ಎಲ್ಲಿಯೂ ಪ್ರಕಟವಾಗದ ಕಲ್ಲೊಂದು ಸಿಕ್ಕರೆ ಗ್ರಾಮ, ಜಾಗ, ನೀವು ನೋಡಿದ ದಿನಾಂಕ, ಕಲ್ಲಿನ ಅಳತೆ, ಛಾಯಾಚಿತ್ರ ಎಲ್ಲವನ್ನೂ ದಾಖಲಿಸಿ. ಕಲ್ಲು ನಾಳೆ ಮನೆಯ ತಳಪಾಯಕ್ಕೆ ಹೋದೀತು. ಆಗ ನಿಮ್ಮ ಟಿಪ್ಪಣಿಯೇ ಉಳಿದ ಆಕರ.

ವರ್ಷವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೂರು ನಿದರ್ಶನಗಳನ್ನು ಹೇಳುತ್ತೇನೆ. ಮಸ್ಕಿಯ ಅಶೋಕ ಶಾಸನವನ್ನು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಶಾಸನವೊಂದರಲ್ಲಿ ಕಂಡದ್ದು ಅದೇ ಮೊದಲು. ಹಾಗಾಗಿ ಹಳೆಯ ಪುಸ್ತಕಗಳಲ್ಲಿ ‘ಅಶೋಕನ ಹೆಸರಿರುವ ಏಕೈಕ ಶಾಸನ’ ಎಂದಿದೆ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಹಳೆಯ ಪುಸ್ತಕ ಆ ಕಾಲಕ್ಕೆ ಸುಳ್ಳು ಹೇಳಲಿಲ್ಲ. ವರ್ಷ ಕೊಡದೆ ಅದರ ಮಾತನ್ನು ಇಂದು ಎತ್ತಿ ಬರೆದವನು ಸುಳ್ಳು ಹೇಳಿದಂತಾಯಿತು.

ಎರಡನೆಯದು ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಅದರ ಸಾಮರ್ಥ್ಯ ಒಂದು ಕಡೆ 1470 ಮೆಗಾವ್ಯಾಟ್, ಇನ್ನೊಂದು ಕಡೆ 1720 ಮೆಗಾವ್ಯಾಟ್ ಎಂದು ಕಾಣುತ್ತದೆ. ಎರಡೂ ಸರಿಯೇ. ತಲಾ 210 ಮೆಗಾವ್ಯಾಟ್‌ನ ಏಳು ಘಟಕಗಳಿದ್ದಾಗ 1470. 2010ರಲ್ಲಿ 250 ಮೆಗಾವ್ಯಾಟ್‌ನ ಎಂಟನೆಯ ಘಟಕ ಸೇರಿದ ಮೇಲೆ 1720.

ಮೂರನೆಯದು ಜನಗಣತಿ. 1991ರಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 23 ಲಕ್ಷಕ್ಕೂ ಹೆಚ್ಚು. 2011ರಲ್ಲಿ 19,28,812. ಇಪ್ಪತ್ತು ವರ್ಷಗಳಲ್ಲಿ ಜನ ಕಡಿಮೆಯಾದರೆ? ಇಲ್ಲ, 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಮಾನ್ವಿ ತಾಲ್ಲೂಕಿನ 2011ರ ಅಂಕಿಅಂಶಗಳನ್ನು ಬಳಸುವವರಿಗೂ ಇದೇ ಎಚ್ಚರಿಕೆ. ಸಿರವಾರ ಪ್ರತ್ಯೇಕ ತಾಲ್ಲೂಕಾದದ್ದು ಆಮೇಲೆ. ಅಂಕಿಯ ಪಕ್ಕದಲ್ಲಿ ಆಕರ ಮತ್ತು ವರ್ಷ ಇದ್ದರೆ ಓದುಗ ಈ ತೊಡಕನ್ನು ತಾನೇ ಬಿಡಿಸಿಕೊಳ್ಳುತ್ತಾನೆ.

ಎಲ್ಲ ಆಕರಗಳೂ ಅಚ್ಚಿನಲ್ಲಿರುವುದಿಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಮುಟ್ಟಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು ಸೇರಿದ್ದವು. ಅಂದು ಊರ ನಡುವೆ ಕುಳಿತು ಟಿ.ವಿ. ನೋಡಿದ ಹಿರಿಯರು ಇಂದಿಗೂ ಇದ್ದಾರೆ. ಅವರನ್ನು ಮಾತಾಡಿಸಿ ಬರೆದರೆ ಅದೂ ಆಕರವೇ. ಅವರ ಒಪ್ಪಿಗೆ ಪಡೆದು ಹೆಸರು, ಊರು, ಸಂದರ್ಶನದ ದಿನಾಂಕ, ಸಂದರ್ಶಿಸಿದವರ ಹೆಸರು ಕೊಡಿ. ಟಿ.ವಿ., ರೇಡಿಯೊ ಕಾರ್ಯಕ್ರಮವಾದರೆ ಶೀರ್ಷಿಕೆ, ನಿರ್ಮಾಪಕರು, ಕೇಂದ್ರ, ಪ್ರಸಾರದ ದಿನಾಂಕ ಬೇಕು. ದಿನಾಂಕ ಬರೆಯದ ಕ್ಯಾಸೆಟ್ಟು ಕಪಾಟಿನಲ್ಲಿದ್ದರೂ ಇಲ್ಲದಂತೆಯೇ ಎಂಬುದು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಅಂತರ್ಜಾಲದ ಆಕರಕ್ಕೆ ನೀವು ನೋಡಿದ ದಿನಾಂಕವನ್ನೂ ಸೇರಿಸಿ, ಏಕೆಂದರೆ ಆ ಪುಟ ನಾಳೆ ಬದಲಾಗಬಹುದು. ಇತ್ತೀಚಿನ ಸಂಶೋಧನ ಲೇಖನಗಳಿಗೆ 10 ಎಂಬ ಅಂಕಿಯಿಂದ ಆರಂಭವಾಗುವ ಡಿಒಐ ಎಂಬ ಕಾಯಂ ಗುರುತು ಇರುತ್ತದೆ. ಇದ್ದರೆ ತಪ್ಪದೆ ಕೊಡಿ.

ಇನ್ನು ಪ್ರಾಮಾಣಿಕತೆಯ ಮಾತು. ನೀವು ನೂನಿಜನ ಪೋರ್ಚುಗೀಸ್ ಮೂಲವನ್ನು ಓದಿಲ್ಲ, ಸಿವೆಲ್ ಅನುವಾದವನ್ನು ಓದಿದ್ದೀರಿ. ಹಾಗಾದರೆ ‘ನೂನಿಜ್, ಸಿವೆಲ್ (1900) ಅನುವಾದದಲ್ಲಿ’ ಎನ್ನಿ. ಇನ್ನೊಬ್ಬರ ಪಟ್ಟಿಯಿಂದ ಉಲ್ಲೇಖವನ್ನು ಎತ್ತಿಕೊಂಡು, ಮೂಲವನ್ನು ತಾನೇ ನೋಡಿದಂತೆ ತೋರಿಸುವುದು ವ್ಯಾಪಕವಾದ ರೋಗ. ಕ್ಯಾಲಿಫೋರ್ನಿಯದ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಸಂಶೋಧಕರು 2003ರಲ್ಲಿ ಇದನ್ನು ಜಾಣತನದಿಂದ ಅಳೆದರು. ಪುಟ ಸಂಖ್ಯೆ, ಸಂಪುಟ ಸಂಖ್ಯೆಗಳಲ್ಲಿನ ಅಚ್ಚಿನ ತಪ್ಪುಗಳು ಒಂದು ಲೇಖನದಿಂದ ಇನ್ನೊಂದಕ್ಕೆ ಹಾಗೆಯೇ ಇಳಿದು ಬರುವುದನ್ನು ಎಣಿಸಿ, ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿದವರು ಸುಮಾರು ಐದರಲ್ಲೊಬ್ಬರು ಎಂದು ಅಂದಾಜು ಮಾಡಿದರು. ಒಬ್ಬರ ನೋಟ್ಸಿನ ಕಾಗುಣಿತದ ತಪ್ಪು ಇಡೀ ತರಗತಿಯ ಉತ್ತರ ಪತ್ರಿಕೆಗಳಲ್ಲಿ ಸಿಕ್ಕಂತೆ!

ಈಗ ಹೊಸದೊಂದು ಅಪಾಯ ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಆಕರ ಕೊಡು ಎಂದು ಕೇಳಿದರೆ, ಲೇಖಕ, ಪತ್ರಿಕೆ, ಸಂಪುಟ, ಪುಟ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಕೊಡುತ್ತದೆ. ಹುಡುಕಿದರೆ ಅಂಥ ಲೇಖನವೇ ಇರದಿರಬಹುದು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಹೀಗೆ ಹುಟ್ಟಿದ ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟರು. ನ್ಯಾಯಾಲಯ 5000 ಡಾಲರ್ ದಂಡ ವಿಧಿಸಿತು. ಉಲ್ಲೇಖದ ರೂಪ ಸರಿಯಿದ್ದ ಮಾತ್ರಕ್ಕೆ ಉಲ್ಲೇಖ ಸರಿಯಾಗದು. ಆ ಪುಟವನ್ನು ನಿಮ್ಮ ಕಣ್ಣಿನಿಂದ ನೋಡಿದ ಮೇಲೆಯೇ ಅದನ್ನು ಪಟ್ಟಿಗೆ ಸೇರಿಸಿ. ಜೊಟೆರೊದಂಥ ಉಚಿತ ತಂತ್ರಾಂಶಗಳು ಜೋಡಣೆಯ ಶ್ರಮವನ್ನು ಉಳಿಸುತ್ತವೆ, ಬಳಸಿ. ಆದರೆ ನಮ್ಮ ಹೆಸರುಗಳಲ್ಲಿ ಯಾವುದು ಅಡ್ಡಹೆಸರು, ಯಾವುದು ಊರು ಎಂಬುದನ್ನು ನೀವೇ ಹೇಳಿಕೊಡಬೇಕು.

ಇನ್ನೊಂದು ತಪ್ಪು ಕಲ್ಪನೆಯಿದೆ. ಕೊನೆಯಲ್ಲಿ ಪುಸ್ತಕದ ಹೆಸರು ಹಾಕಿದರೆ ಸಾಕು, ಪುಟಗಟ್ಟಲೆ ನಕಲು ಮಾಡಬಹುದು ಎಂದು ಕೆಲವರು ತಿಳಿದಿದ್ದಾರೆ. ಇನ್ನೊಬ್ಬರ ವಾಕ್ಯವನ್ನು ಹಾಗೆಯೇ ತೆಗೆದುಕೊಂಡರೆ ಉದ್ಧರಣ ಚಿಹ್ನೆ ಬೇಕು, ಪುಟ ಸಂಖ್ಯೆ ಬೇಕು. ಇಲ್ಲದಿದ್ದರೆ ಅದು ಕೃತಿಚೌರ್ಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಇದಕ್ಕೆ ನಿಯಮಗಳನ್ನೇ ಮಾಡಿದೆ. ಅದರಂತೆ ಸಂಶೋಧನ ಪ್ರಬಂಧದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಹೋಲಿಕೆ ಕಂಡುಬಂದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಸರಿಯಾಗಿ ಆಕರ ಹೇಳಿ ಉದ್ಧರಿಸಿದ ಭಾಗವನ್ನು ಈ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಶಿಸ್ತಿನಿಂದ ಬರೆದವರಿಗೆ ಭಯವಿಲ್ಲ.

ಕೊನೆಯದಾಗಿ ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು. ಓದಲು ಕೂತಾಗ ಮೊದಲು ಶೀರ್ಷಿಕೆ ಪುಟದ ವಿವರವನ್ನು ಬರೆದುಕೊಳ್ಳಿ, ಆಮೇಲೆ ಟಿಪ್ಪಣಿ ಮಾಡಿಕೊಳ್ಳಿ. ಪ್ರತಿ ಟಿಪ್ಪಣಿಯ ಪಕ್ಕದಲ್ಲಿ ಪುಟ ಸಂಖ್ಯೆ ಇರಲಿ. ಲೇಖಕರ ಮಾತನ್ನು ಉದ್ಧರಣ ಚಿಹ್ನೆಯೊಳಗೆ, ನಿಮ್ಮ ಮಾತನ್ನು ಹೊರಗೆ ಬರೆಯಿರಿ. ನೆರಳಚ್ಚು ಮಾಡಿಸಿದರೆ ಮೊದಲ ಹಾಳೆಯ ಮೇಲೆ ಪುಸ್ತಕದ ವಿವರ ಬರೆದಿಡಿ. ಲೇಖನವನ್ನು ಕಳುಹಿಸುವ ಹಿಂದಿನ ದಿನ ಗೆಳೆಯನೊಬ್ಬನನ್ನು ಕೂರಿಸಿಕೊಂಡು, ಅವನು ಬರಹದ ನಡುವಿನ ಹೆಸರು ಓದಲಿ, ನೀವು ಪಟ್ಟಿಯಲ್ಲಿ ಗುರುತು ಹಾಕಿ. ಅರ್ಧ ಗಂಟೆಯ ಕೆಲಸ. ಅದರಿಂದ ಲೇಖನ ಹಿಂತಿರುಗಿ ಬರುವುದು ಎಷ್ಟೋ ಸಲ ತಪ್ಪುತ್ತದೆ.

ದೇವದುರ್ಗದಲ್ಲೋ ಮಾನ್ವಿಯಲ್ಲೋ ಓದುವ ವಿದ್ಯಾರ್ಥಿಗೆ ದೊಡ್ಡ ನಗರದವರಷ್ಟು ದೊಡ್ಡ ಗ್ರಂಥಾಲಯ ಸಿಗಲಿಕ್ಕಿಲ್ಲ. ಆದರೆ ಸಂಪಾದಕರ ಮೇಜಿನ ಮೇಲೆ ನಿಮ್ಮ ಕಾಲೇಜಿನ ಕಟ್ಟಡ ಬರುವುದಿಲ್ಲ, ನಿಮ್ಮ ಹಾಳೆಗಳು ಬರುತ್ತವೆ. ಹತ್ತೇ ಆಕರಗಳಿದ್ದರೂ ಹತ್ತೂ ಖಚಿತವಾಗಿದ್ದರೆ ಅವರು ನಿಮ್ಮ ಮಾತಿಗೆ ಕಿವಿಗೊಡುತ್ತಾರೆ. ಗಬ್ಬೂರಿನ ಒಂದು ಕಲ್ಲಿನ ಬಗ್ಗೆ, ಮಾನ್ವಿಯ ಒಂದು ಕೆರೆಯ ಬಗ್ಗೆ ನೀವು ಸರಿಯಾಗಿ ಆಕರ ಕೊಟ್ಟು ಬರೆದದ್ದು ಐವತ್ತು ವರ್ಷಗಳ ಮೇಲೆ ಇನ್ಯಾರದೋ ಪಟ್ಟಿಯಲ್ಲಿ ನಿಮ್ಮ ಹೆಸರಿನ ಜೊತೆ ಬರಬಹುದು. ಅಂದು ಅವರು ನಿಮ್ಮ ಋಣ ತೀರಿಸುತ್ತಿರುತ್ತಾರೆ.